ಶರೀಫರ ಪದ, ಅಶ್ವಥ್ ದನಿ

ದಕ್ಷಿಣ ಬೆಂಗಳೂರಿನ ಯಾವ ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೆ ಬೇಕಾದರೂ ಹೋಗಿ ನೋಡಿ. ಪ್ರಾರ್ಥನೆ, ಸ್ವಾಗತ, ಹಾರ ತುರಾಯಿ ಎಲ್ಲ ಮುಗಿದು ಹಾಡಿನ ಸರದಿ ಬಂದಾಗ ಶಿಶುನಾಳ ಶರೀಫರ ಒಂದಾದರೂ ಪದ ಇದ್ದೇ ಇರುತ್ತದೆ. ಮಾಳಿಗೆ ಸೋರುವ ಪದವೋ, ಕೋಳಿ ಕೋಡಗವನ್ನು ನುಂಗುವ ಪದವೋ, ತಂಬೂರಿಯ ಪದವೋ. ಜಯನಗರದ ಅಪಾರ್ಟ್‌ಮೆಂಟಿನಲ್ಲಿ ಹುಟ್ಟಿ ಬೆಳೆದ, ಮಣ್ಣಿನ ಮಾಳಿಗೆಯನ್ನು ಕಣ್ಣಾರೆ ಕಾಣದ ಹುಡುಗಿಯರು ಅದನ್ನು ತಡವರಿಸದೆ ಹಾಡುತ್ತಾರೆ. ಕೂತವರು ತಾಳ ಹಾಕುತ್ತಾರೆ. ಯಾರ ಕೈಯಲ್ಲೂ ಪುಸ್ತಕ ಇರುವುದಿಲ್ಲ.

ಧಾರವಾಡ ಸೀಮೆಯ ಒಂದು ಸಣ್ಣ ಊರಿನ ಬಡ ಮಾಸ್ತರರೊಬ್ಬರು ನೂರೈವತ್ತು ವರ್ಷದ ಹಿಂದೆ ಕಟ್ಟಿದ ಪದಗಳು ಇಲ್ಲಿಗೆ ಹೇಗೆ ಬಂದವು? ಭಜನಾ ಮೇಳಗಳು ಅವನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದವು, ವಿದ್ವಾಂಸರು ಸಂಗ್ರಹಿಸಿ ಅಚ್ಚು ಹಾಕಿಸಿದರು. ಆದರೆ ಹಳೇ ಮೈಸೂರಿನವರ ಮನೆ ಮನೆಯೊಳಗೆ ಅವನ್ನು ತಂದು ಕೂರಿಸಿದ ದನಿ ಸಿ. ಅಶ್ವಥ್ ಅವರದು. ಸ್ವತಃ ರಾಗ ಸಂಯೋಜಿಸಿ, ಸ್ವತಃ ಹಾಡಿ, ಇನ್ನೊಬ್ಬರಿಂದಲೂ ಹಾಡಿಸಿ ಆ ಕೆಲಸ ಮಾಡಿದರು.

ಇದನ್ನು ಬರೆಯಲು ನನಗೊಂದು ಕಾರಣವಿದೆ. ನಾನು ಶಿಗ್ಗಾಂವಿ ಕಡೆಯವಳು. ಮದುವೆಯಾಗಿ ಬೆಂಗಳೂರಿಗೆ ಬಂದು ಬನಶಂಕರಿ ಎರಡನೇ ಹಂತದಲ್ಲಿ ನೆಲೆ ನಿಂತೆ. ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ಮನೆಯಲ್ಲೇ ಒಂದಷ್ಟು ಜನಕ್ಕೆ ಸುಗಮ ಸಂಗೀತ ಹೇಳಿಕೊಡುತ್ತೇನೆ. ಶರೀಫರ ಪದಗಳನ್ನು ಎರಡು ಧಾಟಿಯಲ್ಲಿ ಕೇಳಿದ ಕಿವಿ ನನ್ನದು: ಒಂದು ನಮ್ಮ ಊರಿನ ಮಠದ ಭಜನೆಯದು, ಇನ್ನೊಂದು ಅಶ್ವಥ್ ಅವರದು.

ಮಠದ ಕಟ್ಟೆಯ ಮೇಲೆ

ಅಮಾವಾಸ್ಯೆಯ ರಾತ್ರಿ ಊಟ ಆದ ಮೇಲೆ ನಮ್ಮಜ್ಜ ಹೆಗಲಿಗೆ ಟವೆಲು ಹಾಕಿಕೊಂಡು ಮಠಕ್ಕೆ ಹೊರಡುತ್ತಿದ್ದರು. ಒಂದು ಪೇಟಿ, ಒಂದು ಜೋಡಿ ತಬಲಾ, ತಾಳ, ಏಕತಾರಿ, ದಮ್ಮಡಿ. ಹಾಡುವವರು ಗೌಡರ ಹೊಲದಲ್ಲಿ ದುಡಿಯುವವರು, ಬಡಿಗೇರರು, ನದಾಫರು, ಒಬ್ಬಿಬ್ಬರು ಅಯ್ಯನವರು. ಒಬ್ಬರು ಒಂದು ನುಡಿ ಎತ್ತಿಕೊಟ್ಟರೆ ಉಳಿದವರು ಹಿಂದಿನಿಂದ ಹೇಳುವುದು. ಒಂದು ನುಡಿಯನ್ನೇ ನಾಲ್ಕಾರು ಸಲ ತಿರುಗಿಸಿ ಹಾಡುವರು. ನಡುವೆ ನಿಲ್ಲಿಸಿ ಹಿರಿಯರೊಬ್ಬರು, "ಇಲ್ಲಿ ಮಾಳಿಗಿ ಅಂದ್ರ ಏನು ತಿಳೀತೇನ್ರೋ?" ಎಂದು ಕೇಳುವರು. ಅರ್ಥದ ಚರ್ಚೆ ಶುರುವಾಗುವುದು. ಪದ ಮುಗಿಯುವಷ್ಟರಲ್ಲಿ ಬೆಳಗಿನ ಜಾವ.

ಅಲ್ಲಿ ಸಭಿಕರು ಎನ್ನುವವರು ಇರಲಿಲ್ಲ, ಬಂದವರೆಲ್ಲ ಹಾಡುವವರೇ. ತತ್ವಪದ ಬದುಕಿ ಬಂದದ್ದು ಹೀಗೆ. ಅಕ್ಷರ ಬಾರದವರು ಅದನ್ನು ನೆನಪಿನಲ್ಲಿ ಹೊತ್ತರು. ಒಂದೇ ಪದಕ್ಕೆ ಊರಿಗೊಂದು ಪಾಠ, ಮೇಳಕ್ಕೊಂದು ಧಾಟಿ ಇರುವುದಕ್ಕೂ ಇದೇ ಕಾರಣ.

ಶಿಶುವಿನಹಾಳದ ಮಾಸ್ತರರು

ಶರೀಫರು ಹುಟ್ಟಿದ್ದು 1819ರಲ್ಲಿ, ಇಂದಿನ ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಮುಲ್ಕಿ ಪರೀಕ್ಷೆಯವರೆಗೆ ಓದಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರಿಕೆ ಮಾಡಿದರು. ಆಮೇಲೆ ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು. ಎರಡೂ ಕಡೆಯವರು ಮುನಿದರೂ ಇಬ್ಬರೂ ಒಬ್ಬರನ್ನೊಬ್ಬರು ಬಿಡಲಿಲ್ಲ. ಗುರು ತನ್ನ ಶಿಷ್ಯನಿಗೆ ಜನಿವಾರ ಹಾಕಿದರೆಂಬ ಕತೆಯನ್ನು ನಮ್ಮ ಕಡೆ ಇವತ್ತಿಗೂ ಹೇಳುತ್ತಾರೆ.

ಕಂಡದ್ದೆಲ್ಲ ಅವರಿಗೆ ಪದವಾಯಿತು. ಸಂತೆಗೆ ಬಂದ ಮುದುಕಿ, ಗಂಡನ ಮನೆಗೆ ಹೊರಟ ತಂಗಿ, ಹೊಸದಾಗಿ ಬಂದ ಗಿರಣಿ, ಗುಡಿ, ಹಾವು, ತಂಬೂರಿ. ಮೊಹರಂ ಕಾಲಕ್ಕೆ ಹಾಡುವ ರಿವಾಯತ್ ಪದಗಳನ್ನೂ ಕಟ್ಟಿದರು. "ಶಿಶುನಾಳಧೀಶ" ಎಂಬುದು ಅವರ ಅಂಕಿತ. 1889ರಲ್ಲಿ ತೀರಿಕೊಂಡರು. ಶಿಶುನಾಳದ ಅವರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ಈಗಲೂ ನಡೆದುಕೊಳ್ಳುತ್ತಾರೆ.

ಕಾರ್ಖಾನೆಯ ನೌಕರಿ, ಸಂಜೆಯ ಹಾರ್ಮೋನಿಯಂ

ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29ರಂದು, ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ಓದಿದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ, ಬಿ.ಎಸ್ಸಿ. ಹೊಟ್ಟೆಪಾಡಿಗೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸೇರಿ 27 ವರ್ಷ ದುಡಿದು, 1992ರಲ್ಲಿ ವಿಭಾಗೀಯ ವ್ಯವಸ್ಥಾಪಕರಾಗಿ ನಿವೃತ್ತರಾದರು. ನಾವು ಇವತ್ತು ಹಾಡುವ ಅವರ ಎಷ್ಟೋ ಸ್ವರಸಂಯೋಜನೆಗಳು ಹುಟ್ಟಿದ್ದು ಈ ನೌಕರಿಯ ವರ್ಷಗಳಲ್ಲೇ.

ಹಿಂದೂಸ್ತಾನಿ ಸಂಗೀತವನ್ನು ದೇವಗಿರಿ ಶಂಕರ ಜೋಶಿಯವರಲ್ಲಿ ಕಲಿತರು. ಆದರೆ ಅವರನ್ನು ತಿದ್ದಿದ ಇನ್ನೊಂದು ಪಾಠಶಾಲೆ ರಂಗಭೂಮಿ. ನಾಟಕದ ಹಾಡಿನಲ್ಲಿ ಮಾತು ಕೇಳಿಸಲೇಬೇಕು, ಹಿಂದಿನ ಸಾಲಿನಲ್ಲಿ ಕೂತವನಿಗೂ ಅರ್ಥ ಮುಟ್ಟಬೇಕು. ಅಶ್ವಥ್ ಅವರ ಯಾವ ಹಾಡನ್ನು ಬೇಕಾದರೂ ಕೇಳಿ, ಒಂದು ಅಕ್ಷರವೂ ಸ್ವರದಡಿ ಮುಚ್ಚಿಹೋಗುವುದಿಲ್ಲ. ಸಿನಿಮಾಕ್ಕೆ ಬಂದದ್ದೂ ರಂಗದವರ ಜೊತೆಗೇ. ಮಾಸ್ತಿಯವರ ನಾಟಕವನ್ನು ಸಿ.ಆರ್. ಸಿಂಹ "ಕಾಕನಕೋಟೆ" ಚಿತ್ರ ಮಾಡಿದಾಗ ಸಂಗೀತ ಇವರದು. ಎಲ್. ವೈದ್ಯನಾಥನ್ ಜೊತೆ ಸೇರಿ "ಅಶ್ವಥ್–ವೈದಿ" ಎಂಬ ಹೆಸರಿನಲ್ಲಿ ಹಲವು ಚಿತ್ರಗಳು. ಮುಂದೆ ಟಿ.ಎಸ್. ನಾಗಾಭರಣರ "ಮೈಸೂರು ಮಲ್ಲಿಗೆ", "ಚಿನ್ನಾರಿ ಮುತ್ತ", "ನಾಗಮಂಡಲ".

ಅವರಿಗಿಂತ ಮುಂಚೆ ಕನ್ನಡ ಕವಿತೆಯನ್ನು ಹಾಡಿನ ವೇದಿಕೆಗೆ ತಂದವರು ಪಿ. ಕಾಳಿಂಗರಾಯರು. ಅವರ ನಂತರ ಮೈಸೂರು ಅನಂತಸ್ವಾಮಿ. ಆ ಸಾಲಿನಲ್ಲಿ ಅಶ್ವಥ್ ಮೂರನೆಯವರು. ಬೇಂದ್ರೆ, ಕುವೆಂಪು, ಕೆ.ಎಸ್.ನ., ಜಿ.ಎಸ್.ಎಸ್. ಎಲ್ಲರ ಕವಿತೆಗೂ ಅವರು ದನಿ ಕೊಟ್ಟರು. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ ಹಾಡಿನ ಕಾರ್ಯಕ್ರಮ "ಕನ್ನಡವೇ ಸತ್ಯ" ನಡೆದಾಗ, ಕವಿತೆ ಕೇಳಲು ಬಂದವರಿಂದ ಮೈದಾನ ತುಂಬಿತು. ಭಾವಗೀತೆಗೆ ಅಷ್ಟು ಜನ ಬರುತ್ತಾರೆಂದು ಅಲ್ಲಿಯವರೆಗೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಮಾಳಿಗೆ ಸೋರುವಾಗ

ಶರೀಫರ ಪದಗಳ ಕಡೆ ಅಶ್ವಥ್ ಅವರನ್ನು ಎಳೆದು ತಂದವರಲ್ಲಿ ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಮುಖ್ಯರು. ಪದಗಳನ್ನು ಹುಡುಕಿ, ಪಾಠ ನೋಡಿ, ಹಾಡಲು ಒದಗಿಸಿ, ವೇದಿಕೆಯ ಮೇಲೆ ಅರ್ಥ ಬಿಡಿಸಿ ಹೇಳಿದರು. ಆ ಪ್ರೀತಿಗಾಗಿ ಅವರಿಗೆ "ಶರೀಫ್ ಭಟ್ಟ" ಎಂಬ ಹೆಸರೇ ಬಂತು. ಕ್ಯಾಸೆಟ್ಟಿನ ಕಾಲ ಅದು. ಹಾಡು ಕೇಳಲು ಸಭೆಗೆ ಹೋಗಬೇಕಾಗಿರಲಿಲ್ಲ, ಅಡುಗೆಮನೆಯ ಟೇಪ್ ರೆಕಾರ್ಡರಿನಲ್ಲೇ ಶರೀಫರು ಬಂದು ಕೂತರು. 1990ರಲ್ಲಿ ನಾಗಾಭರಣರ "ಸಂತ ಶಿಶುನಾಳ ಶರೀಫ" ತೆರೆಗೆ ಬಂತು. ಶರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ್. ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ರಾಷ್ಟ್ರಪ್ರಶಸ್ತಿ ಆ ಚಿತ್ರಕ್ಕೆ ಸಂದಿತು. ಪರದೆಯ ಮೇಲೆ ಮುಖ ಶ್ರೀಧರ್ ಅವರದಾದರೂ ಜನ ಮನೆಗೆ ಒಯ್ದದ್ದು ಅಶ್ವಥ್ ಅವರ ದನಿಯನ್ನು.

ಸೋರುವ ಮಾಳಿಗೆಯ ಪದವನ್ನೇ ತೆಗೆದುಕೊಳ್ಳಿ. ನಮ್ಮ ಸೀಮೆಯ ಹಳೆಯ ಮನೆಗಳಿಗೆ ಹೆಂಚಿಲ್ಲ. ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಮೇಲೆ ಮಣ್ಣು ಹೊತ್ತು ಹಾಕಿ, ತುಳಿದು ಗಟ್ಟಿ ಮಾಡಬೇಕು. ಒಂದು ವರ್ಷ ಮೈಮರೆತರೆ ಮಳೆ ಹಿಡಿದಾಗ ಒಳಗೆಲ್ಲ ತೊಟಕು. ಬೋಗುಣಿ, ತಂಬಿಗೆ, ಕೊಡ, ಸಿಕ್ಕಿದ್ದನ್ನೆಲ್ಲ ಕೆಳಗಿಡಬೇಕು. ಹಾಸಿಗೆಯನ್ನು ಮೂಲೆಯಿಂದ ಮೂಲೆಗೆ ಎಳೆಯಬೇಕು. ಶರೀಫರು ಈ ಮನೆಯನ್ನೇ ಮೈಯೆಂದರು, ಅದು ಸೋರುವುದಕ್ಕೆ ಅಜ್ಞಾನವೇ ಕಾರಣವೆಂದರು. ತೊಲೆ ಜಂತಿಗಳ ಹೆಸರು ಹೇಳುತ್ತಲೇ ಬದುಕು ಹೇಗೆ ಶಿಥಿಲವಾಗುತ್ತದೆಂದು ತೋರಿಸಿಬಿಟ್ಟರು.

ನಮ್ಮೂರಿನ ಭಜನೆಯಲ್ಲಿ ಈ ಪದ ಒಂದೇ ನಡೆಯಲ್ಲಿ ಸಾಗುತ್ತದೆ. ತಾಳಕ್ಕೆ ತಾಳ, ನುಡಿಗೆ ನುಡಿ. ಅಶ್ವಥ್ ಅದನ್ನು ನಿಧಾನಿಸಿದರು. ಮೊದಲ ಮಾತಿನಲ್ಲೇ ದನಿಯನ್ನು ಮೇಲಕ್ಕೆತ್ತಿ ಎಳೆದು ನಿಲ್ಲಿಸಿದರು. ಕತ್ತಲೆಯ ಮನೆಯಲ್ಲಿ ಒಬ್ಬನೇ ಕೂತವನು ಯಾರಾದರೂ ಬಂದು ನೋಡಿರಪ್ಪಾ ಎಂದು ಕೂಗುವ ಹಾಗೆ ಅದು ಕೇಳುತ್ತದೆ. ಒಂದೇ ಪದ ಮಠದಲ್ಲಿ ಹತ್ತು ಜನ ಕೂಡಿ ಮಾಡುವ ವಿಚಾರವಾಗಿತ್ತು, ಅಶ್ವಥ್ ಅವರಲ್ಲಿ ಒಬ್ಬ ಮನುಷ್ಯನ ಅಳಲಾಯಿತು. ಪದದ ಅಕ್ಷರ ಬದಲಾಗಲಿಲ್ಲ, ಹಾಸನದ ಮನುಷ್ಯ ಧಾರವಾಡದ ನುಡಿಯನ್ನು ಮೈಸೂರಿನ ಕನ್ನಡಕ್ಕೆ ತಿದ್ದಲಿಲ್ಲ. ಮಾಳಿಗಿ ಮಾಳಿಗಿಯಾಗಿಯೇ ಉಳಿಯಿತು. ಅವರ ಮೇಲೆ ನನಗಿರುವ ಗೌರವದ ದೊಡ್ಡ ಪಾಲು ಇದಕ್ಕೆ.

ದೂರದ ಅಮೆರಿಕದಲ್ಲೂ ಇದೇ ಕೆಲಸ

ನನ್ನಲ್ಲಿ ಹಾಡು ಕಲಿಯಲು ಬರುವ ಹುಡುಗಿಯೊಬ್ಬಳಿದ್ದಾಳೆ. ಬಿಟಿಎಂ ಲೇಔಟಿನಲ್ಲಿ ಸಾಫ್ಟ್‌ವೇರ್ ಕೆಲಸ, ಭಾನುವಾರ ಚರ್ಚಿನ ಗಾಯನವೃಂದದಲ್ಲಿ ಹಾಡುತ್ತಾಳೆ. ಮಾಳಿಗೆಯ ಪದ ಕಲಿತ ದಿನ ಅವಳು, "ಆಂಟಿ, ನಾವು ಕ್ರಿಸ್‌ಮಸ್ ಹೊತ್ತಿಗೆ ಹಾಡೋ ಕೆಲವು ಹಾಡೂ ಹೀಗೇ ಇವೆ. ಹೊಳೆ ಅಂದ್ರೆ ಬರೀ ಹೊಳೆ ಅಲ್ಲ" ಎಂದಳು. ಅಮೆರಿಕದ ಕರಿಯ ಗುಲಾಮರು ಕಟ್ಟಿದ ಭಕ್ತಿಗೀತೆಗಳು, ಅಂದರೆ ಸ್ಪಿರಿಚುಯಲ್‌ಗಳು, ಅವು. ಹತ್ತಿ ಹೊಲದಲ್ಲಿ ದುಡಿಯುತ್ತ, ರಾತ್ರಿ ಗುಟ್ಟಾಗಿ ಸೇರುತ್ತ ಹಾಡಿದವು. ಬರೆದವರ ಹೆಸರಿಲ್ಲ. ಓದು ಕಲಿಸುವುದೇ ಅಪರಾಧವಾಗಿದ್ದ ರಾಜ್ಯಗಳಲ್ಲಿ ಬೈಬಲ್ಲಿನ ಕತೆಗಳನ್ನು ಕಿವಿಯಿಂದ ಕೇಳಿ ಹಾಡಾಗಿಸಿದರು. ಹೊಳೆ ದಾಟುವುದೆಂದರೆ ಸ್ವರ್ಗಕ್ಕೆ ಹೋಗುವುದೂ ಹೌದು, ಗುಲಾಮಗಿರಿಯ ಎಲ್ಲೆ ದಾಟಿ ಬಿಡುಗಡೆ ಹೊಂದುವುದೂ ಹೌದು.

ಗುಲಾಮಗಿರಿ ಕೊನೆಗೊಂಡ ಮೇಲೆ ಈ ಹಾಡುಗಳು ಮರೆಯಾಗುವ ಹಾಗಿದ್ದವು. ನೋವಿನ ದಿನಗಳ ಹಾಡು ಮಕ್ಕಳಿಗೇಕೆ ಎಂದುಕೊಂಡವರೂ ಇದ್ದರು. 1871ರಲ್ಲಿ ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ ಅಲ್ಲಿನ ಒಂಬತ್ತು ವಿದ್ಯಾರ್ಥಿಗಳು ಊರೂರು ಹಾಡುತ್ತ ಚಂದಾ ಎತ್ತಲು ಹೊರಟರು. ಅವರಲ್ಲಿ ಬಹುಪಾಲು ಜನ ಗುಲಾಮರಾಗಿ ಹುಟ್ಟಿದವರು. ಅವರೇ ಫಿಸ್ಕ್ ಜುಬಿಲಿ ಗಾಯಕರು. ಇಂಗ್ಲೆಂಡಿನ ರಾಣಿಯ ಮುಂದೆಯೂ ಹಾಡಿದರು. ಫ್ರೆಡರಿಕ್ ಲೌಡಿನ್ ಮುಂದಾಳ್ತನದ ತಂಡ, ನಮ್ಮ ಶರೀಫರು ತೀರಿಕೊಂಡ ಆಸುಪಾಸಿನ ವರ್ಷಗಳಲ್ಲೇ, ಪ್ರಪಂಚ ಸುತ್ತುತ್ತ ಭಾರತಕ್ಕೂ ಬಂದಿತ್ತು.

ಅಶ್ವಥ್ ಅವರಿಗೆ ಹತ್ತಿರದವರೆಂದು ನನಗೆ ತೋರುವುದು ಹ್ಯಾರಿ ಬರ್ಲಿ. 1866ರಲ್ಲಿ ಪೆನ್ಸಿಲ್ವೇನಿಯದ ಈರಿ ಎಂಬ ಊರಿನಲ್ಲಿ ಹುಟ್ಟಿದರು. ಅವರ ತಾತ ಹ್ಯಾಮಿಲ್ಟನ್ ವಾಟರ್ಸ್ ಗುಲಾಮಗಿರಿಯಿಂದ ಬಿಡುಗಡೆ ಪಡೆದು ಬಂದವರು, ಕಣ್ಣು ಕಾಣದವರು. ಊರಿನ ಬೀದಿದೀಪ ಹಚ್ಚುವ ಕೆಲಸ ಅವರದು. ಮೊಮ್ಮಗ ತಾತನ ಜೊತೆ ಬೀದಿ ಬೀದಿ ನಡೆಯುತ್ತ ಹಾಡು ಕಲಿತ. 1892ರಲ್ಲಿ ನ್ಯೂಯಾರ್ಕಿನ ಸಂಗೀತ ವಿದ್ಯಾಲಯ ಸೇರಿದ. ಯೂರೋಪಿನಿಂದ ಬಂದು ಅಲ್ಲಿ ಮುಖ್ಯಸ್ಥರಾಗಿದ್ದ ಸಂಗೀತಗಾರ ಡ್ವೊರ್ಝಾಕ್ ಈ ಹುಡುಗನನ್ನು ಕೂರಿಸಿಕೊಂಡು ತಾತನ ಹಾಡುಗಳನ್ನು ಹಾಡಿಸಿ ಕೇಳುತ್ತಿದ್ದರು. ಅಮೆರಿಕದ ಸಂಗೀತ ಈ ಹಾಡುಗಳಿಂದಲೇ ಬೆಳೆಯಬೇಕು ಎಂದು ಅವರು ಬಹಿರಂಗವಾಗಿ ಹೇಳಿದ್ದು ಆ ಕಾಲಕ್ಕೆ ದೊಡ್ಡ ಸುದ್ದಿ.

ಬರ್ಲಿ 1894ರಲ್ಲಿ ನ್ಯೂಯಾರ್ಕಿನ ಸೇಂಟ್ ಜಾರ್ಜ್ ಚರ್ಚಿನ ಗಾಯಕರಾದರು. ಬಿಳಿಯ ಶ್ರೀಮಂತರ ಚರ್ಚು ಅದು, ಕರಿಯನನ್ನು ನೇಮಿಸುವುದಕ್ಕೆ ವಿರೋಧವೂ ಇತ್ತು. ಅಲ್ಲೇ 52 ವರ್ಷ ಹಾಡಿದರು. ಸಾಮೂಹಿಕವಾಗಿ ಹಾಡುತ್ತಿದ್ದ ಹಾಡುಗಳನ್ನು ಒಬ್ಬ ಗಾಯಕ ಪಿಯಾನೋ ಜೊತೆ ವೇದಿಕೆಯಲ್ಲಿ ನಿಂತು ಹಾಡುವ ಹಾಗೆ ಸ್ವರಲಿಪಿಯಲ್ಲಿ ಕೂರಿಸಿದರು. ಇವು ನಗಿಸುವ ಹಾಡುಗಳಲ್ಲ, ಅಣಕಿಸುವ ದನಿಯಲ್ಲಿ ಹಾಡಬೇಡಿ ಎಂದು ಗಾಯಕರನ್ನು ಎಚ್ಚರಿಸಿದರು. ಮರಿಯನ್ ಆಂಡರ್ಸನ್, ಪಾಲ್ ರೋಬ್ಸನ್ ಅವರಂಥವರು ಜಗತ್ತಿನ ವೇದಿಕೆಗಳಿಗೆ ಈ ಹಾಡುಗಳನ್ನು ಒಯ್ದದ್ದು ಬರ್ಲಿ ಹಾಕಿದ ಈ ದಾರಿಯಲ್ಲಿ.

ಶರೀಫರ ಬಡತನವನ್ನೂ ಗುಲಾಮರ ಸಂಕಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ಆದರೆ ಬರ್ಲಿ ಮಾಡಿದ ಕೆಲಸವೂ ಅಶ್ವಥ್ ಮಾಡಿದ ಕೆಲಸವೂ ಒಂದೇ ಜಾತಿಯದು. ಇಬ್ಬರೂ ನೆನಪಿನಲ್ಲಿದ್ದ ಹಾಡನ್ನು ವೇದಿಕೆಗೆ ತಂದರು. ಇಬ್ಬರೂ ಶಾಸ್ತ್ರೀಯ ಸಂಗೀತ ಕಲಿತು, ಅದನ್ನು ಹಾಡಿನ ಮೇಲೆ ಹೇರದೆ ಹಾಡಿನ ಸೇವೆಗೆ ಬಳಸಿದರು.

ತಕರಾರಿಗೂ ಕಿವಿಗೊಡಬೇಕು

"ಛಲೋ ಹಾಡ್ಯಾನ, ಖರೆ. ಆದ್ರ ಇದು ನಮ್ಮ ಧಾಟಿ ಅಲ್ಲ." ಕ್ಯಾಸೆಟ್ ಕೇಳಿಸಿದಾಗ ನಮ್ಮೂರಿನ ಭಜನೆಯ ಹಿರಿಯರು ಹೇಳಿದ ಮಾತಿದು. ಈ ತಕರಾರನ್ನು ತಳ್ಳಿಹಾಕಬಾರದು. ಅಶ್ವಥ್ ಧಾಟಿ ಎಷ್ಟು ಜನಪ್ರಿಯವಾಯಿತೆಂದರೆ ಈಗ ಹಳ್ಳಿಯ ಮೇಳದ ಹುಡುಗರೂ ಅದನ್ನೇ ಹಾಡುತ್ತಾರೆ. ಊರಿಗೊಂದು ಇದ್ದ ಧಾಟಿಗಳು ಹಿರಿಯರ ಜೊತೆಗೇ ಮಣ್ಣಾಗುತ್ತಿವೆ. ಬರ್ಲಿಯವರ ಬಗ್ಗೆಯೂ ಅವರ ಜನರಲ್ಲೇ ಇದೇ ಮಾತು ಬಂತು: ಪಿಯಾನೋ ಪಕ್ಕ ನಿಂತು ಹಾಡಿದ್ದರಲ್ಲಿ ನಮ್ಮ ಕೂಟದ ಚಪ್ಪಾಳೆ, ಕುಣಿತ, ಕೂಗು ಎಲ್ಲಿದೆ ಎಂದು.

ಇನ್ನೊಂದು ಚಿಂತೆಯೂ ನನಗಿದೆ. ಕೋಳಿ ಕೋಡಗದ ಪದ ಶಿವಮೊಗ್ಗ ಸುಬ್ಬಣ್ಣನವರ ಕಂಠದಲ್ಲಿ ಮನೆಮಾತಾಯಿತು. ಈಗ ಹಲವು ವೇದಿಕೆಗಳಲ್ಲಿ ಅದು ನಗೆಯ ಹಾಡಾಗಿಬಿಟ್ಟಿದೆ, ಮಕ್ಕಳಿಗೆ ಕೋಳಿಯ ವೇಷ ಹಾಕಿ ಕುಣಿಸುತ್ತಾರೆ. ಅದು ಅಲ್ಲಮನ ಬೆಡಗಿನ ವಚನಗಳ ಸಾಲಿಗೆ ಸೇರುವ ಪದ. ಸಣ್ಣದು ದೊಡ್ಡದನ್ನು ನುಂಗುತ್ತ ಹೋಗಿ, ಕೊನೆಗೆ ಗುರುವಿನ ಪಾದದಲ್ಲಿ ಹಾಡುವವನೇ ಇಲ್ಲವಾಗುತ್ತಾನೆ. ಮಕ್ಕಳು ಕುಣಿಯಲಿ, ಬೇಡವೆನ್ನುವುದಿಲ್ಲ. ಕುಣಿದ ಮೇಲೆ ಆ ಕೊನೆಯ ನುಡಿಯ ಅರ್ಥವನ್ನೂ ಹೇಳಿಕೊಡಿ ಎಂದಷ್ಟೇ ನನ್ನ ಮಾತು.

ಇಷ್ಟೆಲ್ಲ ಹೇಳಿಯೂ ನನ್ನ ತೀರ್ಮಾನ ಅಶ್ವಥ್ ಪರ. ಹಾಡನ್ನು ಉಳಿಸುವುದು ಹಾಡುವವರು. ಪುಸ್ತಕ ಪಾಠವನ್ನು ಕಾಯುತ್ತದೆ, ದನಿಯನ್ನು ಕಾಯಲಾರದು. ಅಶ್ವಥ್ ಧೈರ್ಯ ಮಾಡಿ ಹೊಸ ಸ್ವರ ಹಾಕದಿದ್ದರೆ ಮೈಸೂರು ಸೀಮೆಯ ಲಕ್ಷಾಂತರ ಜನಕ್ಕೆ ಶರೀಫರು ಪಠ್ಯಪುಸ್ತಕದ ಒಂದು ಹೆಸರಾಗಿ ಉಳಿಯುತ್ತಿದ್ದರು. ಅವರ ಧಾಟಿ ಕೇಳಿ ಬಂದವರಿಗೆ ನಾನು ನಮ್ಮಜ್ಜನ ಧಾಟಿಯನ್ನೂ ಹೇಳಿಕೊಡುತ್ತೇನೆ. ಕ್ಯಾಸೆಟ್ಟು ಬಾಗಿಲು ತೆರೆಯದಿದ್ದರೆ ಅಜ್ಜನ ಧಾಟಿ ಕೇಳಲು ಈ ಬನಶಂಕರಿಯಲ್ಲಿ ಯಾರು ಬರುತ್ತಿದ್ದರು?

ನಮ್ಮ ಪಾಲಿನ ಕೆಲಸ

ಅಶ್ವಥ್ ತೀರಿಕೊಂಡದ್ದು 2009ರ ಡಿಸೆಂಬರ್ 29ರಂದು, ಅವರ ಎಪ್ಪತ್ತನೇ ಹುಟ್ಟುಹಬ್ಬದ ದಿನ. ಮಾರನೆಯ ಬೆಳಗ್ಗೆ ನಟ ವಿಷ್ಣುವರ್ಧನ್ ಹೋದರು. ಎರಡು ಸಾವಿನ ನಡುವೆ ಊರು ಕಂಗಾಲಾಗಿತ್ತು. ಹಾಡುಗಾರನಿಗೆ ಸಲ್ಲಬೇಕಾದ ಶೋಕ ಪೂರ್ತಿ ಸಲ್ಲಲಿಲ್ಲವೆಂಬ ಕೊರಗು ನಮ್ಮಂಥವರಿಗೆ ಉಳಿದಿದೆ. ಇವತ್ತು ಎನ್.ಆರ್. ಕಾಲೊನಿಯಲ್ಲಿ ಅವರ ಹೆಸರಿನ ಕಲಾಭವನವಿದೆ. ಹಾಡು, ನಾಟಕ, ಪುಸ್ತಕ ಬಿಡುಗಡೆ ನಡೆಯುತ್ತಿರುತ್ತವೆ. ಅವರ ಜೊತೆ ಹಾಡಿ ಬೆಳೆದವರು ಈಗ ತಾವೇ ಗುರುಗಳಾಗಿದ್ದಾರೆ.

ಆದರೆ ಇನ್ನೂ ಎಷ್ಟೋ ಹಾಡುಗಳು ತಮ್ಮ ಅಶ್ವಥ್‌ಗಾಗಿ ಕಾಯುತ್ತಿವೆ. ನಮ್ಮ ಶಿಗ್ಗಾಂವಿಯಿಂದ ಪಶ್ಚಿಮಕ್ಕೆ ಹೋದರೆ ಮುಂಡಗೋಡ, ಯಲ್ಲಾಪುರ, ಹಳಿಯಾಳ. ಆ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನರಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದ ಆಫ್ರಿಕನ್ನರ ವಂಶದವರು. ದಮಾಮಿ ಬಡಿದು ಕೊಂಕಣಿ, ಕನ್ನಡದಲ್ಲಿ ಹಾಡುತ್ತಾರೆ, ಕುಣಿಯುತ್ತಾರೆ. ಆಫ್ರಿಕದಿಂದ ಬಂದವರ ಹಾಡು ಕೇಳಲು ಕನ್ನಡಿಗ ಅಮೆರಿಕದವರೆಗೆ ಹೋಗಬೇಕಾಗಿಲ್ಲ, ನಮ್ಮ ನಾಡಿನಲ್ಲೇ ಇದೆ. ಆ ಹಾಡನ್ನು ಅವರಿಂದಲೇ ಕೇಳಬೇಕು, ಅವರ ಮಕ್ಕಳೇ ಅದಕ್ಕೆ ಸ್ವರ ಹಾಕಿ ಅವರೇ ವೇದಿಕೆಯಲ್ಲಿ ನಿಂತು ಹಾಡುವಂತಾಗಬೇಕು.

ಓದುಗರಲ್ಲಿ ನನ್ನ ಕೋರಿಕೆ ಸಣ್ಣದು. ನಿಮ್ಮ ಮನೆಯಲ್ಲಿ, ನಿಮ್ಮ ಊರಿನಲ್ಲಿ ತತ್ವಪದ, ಸೋಬಾನೆ, ಬೀಸುವ ಪದ, ರಿವಾಯತ್ ಬಲ್ಲ ಹಿರಿಯರಿದ್ದರೆ ಈ ವಾರವೇ ಹೋಗಿ ಕೂತು ಅವರ ದನಿಯನ್ನು ಮೊಬೈಲಿನಲ್ಲಿ ಹಿಡಿದಿಡಿ. ಹೆಸರು, ಊರು, ಹಾಡು ಕಲಿತದ್ದು ಯಾರಿಂದ ಎಂಬುದನ್ನೂ ಅದರಲ್ಲೇ ಹೇಳಿಸಿ. ಆಮೇಲೆ ಅದರಲ್ಲಿ ಒಂದನ್ನಾದರೂ ನೀವು ಕಲಿತು, ನಿಮ್ಮ ಮಕ್ಕಳ ಎದುರಿಗೆ ಬಾಯಿಬಿಟ್ಟು ಹಾಡಿ.